ಗೂಟಕ್ಕೊಬ್ಬ ವಿದ್ಯಾರ್ಥಿ

ನನ್ನ ತರಗತಿಯ ಮಕ್ಕಳನ್ನೆಲ್ಲ ಹಾಡಹಗಲೇ ಕದ್ದೊಯ್ದು, ಎಮ್ಮೆ ಕಟ್ಟುವ ಗೂಟಕ್ಕೊಬ್ಬರಂತೆ ಕೂರಿಸಿದ ಮಹಾನುಭಾವ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವನು ನಮ್ಮ ಮಾಮಾ ಒಬ್ಬನೇ! ಕಳ್ಳರೆಂದರೆ ಸದ್ದಿಲ್ಲದೆ ಬರುವವರು. ಇವನು ಗಂಟೆ ಬಾರಿಸಿ, ಊರಿಗೆಲ್ಲ ಕೇಳಿಸಿ ಕದ್ದವನು. ಅಂಥ ಕಳ್ಳನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಏನು, ಅವನ ಹೆಗಲ ಮೇಲೆ ಕೂತೇ ಬೆಳೆದಿದ್ದೇನೆ.

ಮಾಮಾ ಅಂದರೆ ನಮ್ಮವ್ವನ ತಮ್ಮ. ರಾಯಬಾಗದಿಂದ ಕುಡಚಿಗೆ ಹೋಗುವ ಕಡೆ, ಕಬ್ಬಿನೊಳಗೆ ಮುಳುಗಿ ಬರೀ ಮೂಗು ಹೊರಗಿಟ್ಟುಕೊಂಡ ಎಮ್ಮೆಯ ಹಾಗಿರುವ ಊರು ನಮ್ಮದು. ನಾನು ಹುಟ್ಟಿದ ಮೇಲೆ ಅವ್ವನಿಗೆ ಮೈಯಲ್ಲಿ ಆರಾಮಿರಲಿಲ್ಲವೆಂದು ನನ್ನನ್ನು ಮಾಮಾನ ಮನೆಗೆ ತಂದುಬಿಟ್ಟರು. ಈ ಊರಿನ ಕನ್ನಡ ಶಾಲೆಯಲ್ಲಿಯೇ ಅಕ್ಷರ ಕಲಿತೆ. ಮುಂದೆ ದೇವರ ದಯೆಯೋ ವರ್ಗಾವಣೆಯ ದಯೆಯೋ, ಸಣ್ಣ ಮಕ್ಕಳಿಗೆ ಕಲಿಸುವ ಅಕ್ಕೋರಾಗಿ ಅದೇ ಶಾಲೆಗೆ ಬಂದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಆ ಹೆಸರಿನ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತೆಂದು ನಮ್ಮ ಮನೆಯವರ ಅಭಿಪ್ರಾಯ. ಇರಲಿ.

ಈ ಮಾಮಾನಿಗೆ ಒಂದು ವಿಚಿತ್ರ ಸ್ವಭಾವ. ಜನ್ಮದಲ್ಲಿ ಅವನು ಯಾರನ್ನೂ ಬಾಯಿಬಿಟ್ಟು "ಬಾ" ಎಂದವನಲ್ಲ! ಆ ಒಂದಕ್ಷರ ಅವನ ಗಂಟಲಿನ ಯಾವ ಮೂಲೆಯಲ್ಲಿ ಸಿಕ್ಕಿಕೊಂಡಿದೆಯೋ ಯಾವ ಡಾಕ್ಟರನೂ ನೋಡಿಲ್ಲ. ನನ್ನನ್ನು ಊಟಕ್ಕೆ ಕರೆಯಬೇಕೆಂದರೆ ನಮ್ಮ ಬಾಗಿಲ ಮುಂದೆ ನಿಂತು, ಜೊತೆಗಿರುವ ಚಂದ್ರಿ ಎಂಬ ಎಮ್ಮೆಗೆ ಹೇಳುತ್ತಾನೆ: "ಏನವಾ ಚಂದ್ರಿ, ಮನ್ಯಾಗ ಬದನಿಕಾಯಿ ಎಣಗಾಯಿ ಮಾಡ್ಯಾರ. ಬಿಸಿ ರೊಟ್ಟಿ ಅದಾವ. ತಿನ್ನೋರು ಯಾರೂ ಇಲ್ಲ. ನೀನರ ತಿಂತಿ ಏನ?" ಇಷ್ಟಕ್ಕೆ ನಾನು ಚಪ್ಪಲಿ ಮೆಟ್ಟಿಕೊಳ್ಳಬೇಕು. ಮೆಟ್ಟಿಕೊಳ್ಳದಿದ್ದರೆ? ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳುತ್ತಾನೆ, ಎಮ್ಮೆಗೆ ಕಿವಿ ಮಂದ ಎಂಬಂತೆ!

ಕೈ ಮಾಡಿ ಬಸ್ಸು ನಿಲ್ಲಿಸುವುದೂ ಅವನ ಲೆಕ್ಕದಲ್ಲಿ ಕರೆದಂತೆಯೇ. ಚಿಕ್ಕೋಡಿಗೆ ಹೋಗಬೇಕಾದರೆ ರಸ್ತೆಯ ನಟ್ಟನಡುವೆ ನಿಂತು ಆಕಾಶ ನೋಡುತ್ತಾನೆ. ಡ್ರೈವರ ಬ್ರೇಕು ಒತ್ತಿ, ತಲೆ ಹೊರಗೆ ಹಾಕಿ, "ಏ ಯಜಮಾನಾ, ಸಾಯಾಕ ನಮ್ಮ ಗಾಡಿನ ಸಿಕ್ತೇನ?" ಎಂದು ಒದರುತ್ತಾನೆ. ನಮ್ಮವನು ಸಾವಕಾಶ ಬಾಗಿಲ ಕಡೆ ನಡೆದು, "ಪಾಪ, ತಾನ ನಿಂತೈತಿ. ನಿಂತ ಮ್ಯಾಲ ಹತ್ತದಿದ್ರ ಚಲೋ ಕಾಣೂದಿಲ್ಲ" ಎಂದು ಹತ್ತಿಕೊಳ್ಳುತ್ತಾನೆ.

ಇವನ ಮದುವೆಯಾದರೂ ಹೇಗಾಯಿತು ಅನ್ನುತ್ತೀರಿ? ನಿಪ್ಪಾಣಿ ಕಡೆ ಹೆಣ್ಣು ನೋಡಲು ಹೋಗಿದ್ದರಂತೆ. ಅವಲಕ್ಕಿ ತಿಂದಾಯಿತು, ಚಹಾ ಕುಡಿದಾಯಿತು. ಹಿರಿಯರು, "ಹುಡುಗಿ ಮನಸಿಗೆ ಬಂದ್ಳೇನಪಾ?" ಎಂದು ಕೇಳಿದರೆ ಇವನು ಹಿತ್ತಲ ಕಡೆ ನೋಡುತ್ತ, "ಇವರ ಮನಿ ಎಮ್ಮಿ ಭಾಳ ಚಲೋ ಅದಾವ" ಎಂದನಂತೆ! ಮಾಮಿ ಅದನ್ನು ಇವತ್ತಿಗೂ ಮರೆತಿಲ್ಲ. ಅವಳಿಗೆ ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ಮರಾಠಿ. ಇಷ್ಟು ವರ್ಷ ಮಾಮಾನ ಜೊತೆ ಬಾಳ್ವೆ ಮಾಡಿದ್ದರಿಂದ ಅವಳ ಮರಾಠಿ ಬಹಳ ಸುಧಾರಿಸಿದೆ.

ಇಂಥ ಮನುಷ್ಯ ನನ್ನ ಶಾಲೆಯನ್ನು ಹೇಗೆ ನುಂಗಿದ ಎನ್ನುವುದನ್ನು ಹೇಳುತ್ತೇನೆ, ಕೇಳಿ.

ಆ ರೋಗದ ಕಾಲದಲ್ಲಿ ಶಾಲೆ ಮುಚ್ಚಿದರಲ್ಲ, ಮೊದಲ ನಾಲ್ಕು ದಿನ ಎಲ್ಲರಿಗೂ ಹಬ್ಬ. ಆಮೇಲೆ ಹಬ್ಬ ಮುಗಿಯಲೇ ಇಲ್ಲ. ಮಕ್ಕಳು ಮನೆಯಲ್ಲಿಯೇ ಕಲಿಯಲಿ, ನೀವು ಮೊಬೈಲಿನಲ್ಲಿ ಕಲಿಸಿರಿ ಎಂಬ ಆಜ್ಞೆ ಬಂತು. ನಾನು ತಂದೆತಾಯಿಗಳ ನಂಬರು ಕೂಡಿಸಿ ವಾಟ್ಸಾಪ್ ಗುಂಪು ಕಟ್ಟಿದೆ. ಬೆಳಿಗ್ಗೆ ಬೇಗನೆದ್ದು, ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು (ಧ್ವನಿ ಮಾತ್ರ ಕಳಿಸುವುದಕ್ಕೆ ಸೀರೆ ಯಾಕೆ ಎಂದು ಕೇಳಬೇಡಿ, ಸೀರೆ ಉಡದಿದ್ದರೆ ನನಗೆ ಪಾಠ ಬರುವುದಿಲ್ಲ), ಅಡುಗೆಮನೆಯ ಕಟ್ಟೆಗೆ ಮೊಬೈಲು ಆನಿಸಿ ಪಾಠ ಮುದ್ರಿಸುತ್ತಿದ್ದೆ. "ಮಕ್ಕಳೇ, ನಮಸ್ಕಾರ. ಇವತ್ತು ಒತ್ತಕ್ಷರ ಕಲಿಯೋಣ." ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಕೊನೆಕೊನೆಗೆ ಬೇಸತ್ತು ಸೀಟಿಯನ್ನೂ ಪಾಠದ ಒಂದು ಭಾಗವೆಂದೇ ಕಳಿಸತೊಡಗಿದೆ.

ಕಳಿಸಿ ಕಾಯುತ್ತಿದ್ದೆ. ಏನು ಬರುತ್ತಿತ್ತು ಗೊತ್ತೇ? ಒಬ್ಬ ತಂದೆ ಹೂವಿನ ಚಿತ್ರ ಹಾಕಿ "ಶುಭೋದಯ" ಎನ್ನುತ್ತಿದ್ದ. ಇನ್ನೊಬ್ಬ ಬೆಲ್ಲದ ದರ ಕಳಿಸುತ್ತಿದ್ದ. ಮೊಬೈಲುಗಳೆಲ್ಲ ಅಪ್ಪಂದಿರ ಕಿಸೆಯಲ್ಲಿ ಕೂತು ಕಬ್ಬಿನ ಗದ್ದೆಗೆ ಹೋಗುತ್ತಿದ್ದವು. ಮಕ್ಕಳು ಮನೆಯಲ್ಲಿ, ಪಾಠ ಗದ್ದೆಯಲ್ಲಿ! ನನ್ನ ಪಾಠ ಕೇಳಿದ ಗುರುತಾಗಿ ನೀಲಿ ಗೀಟು ಮೂಡುತ್ತಿದ್ದುದು ಒಂದೇ ಒಂದು ನಂಬರಿನಿಂದ, ಬಾಳ್ಯಾನ ಅಪ್ಪನದು. ಅವನು ದಿನಾ ಮುಂಜಾನೆ ಮನೆಮನೆಯ ಹಾಲು ಕೂಡಿಸಿ ಡೇರಿಗೆ ಒಯ್ಯುವವನು. ಬಾಳ್ಯಾ ಎರಡನೆಯ ತರಗತಿಯ ಪುಂಡ. ಇಡೀ ತರಗತಿಯಲ್ಲಿ ಪಾಠ ಕೇಳುವವನು ಬಾಳ್ಯಾ ಒಬ್ಬನೇ ಅಂದರೆ ನನ್ನ ಕಲಿಸುವಿಕೆಯ ಗತಿ ನೀವೇ ಊಹಿಸಿ.

ಆದರೂ ಚಾಳಿ ಬಿಡುತ್ತದೆಯೇ? ದಿನಾ ಶಾಲೆಯ ಹೊತ್ತಿಗೆ ಸರಿಯಾಗಿ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದೆ. ಎಲ್ಲಿಗೆ ಹೋಗುವುದು? ಎಲ್ಲಿಗೂ ಇಲ್ಲ. ಸ್ವಲ್ಪ ಹೊತ್ತು ನಿಂತು ಒಳಗೆ ಬರುತ್ತಿದ್ದೆ. ನಮ್ಮ ಮನೆಯವರಿಗೆ ಚಿಕ್ಕೋಡಿಯಲ್ಲಿ ಕೆಲಸ. ಅವರೂ ಮನೆಯಲ್ಲಿಯೇ ಕೂತಿದ್ದರು. "ಸಾಲಿ ಬಿಡ್ತೇನು? ಭಾಳ ಲಗೂ ಬಂದಿ!" ಎನ್ನುತ್ತಿದ್ದರು. ಗಂಡಂದಿರನ್ನು ಮನೆಯಲ್ಲಿ ಕೂರಲು ಬಿಡಬಾರದು.

ಹೀಗೆ ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತಿದ್ದೇನೆ, ಠಣ್ ಠಣ್ ಠಣ್ ಎಂದು ಗಂಟೆ ಕೇಳಿಸಿತು! ಶಾಲೆ ಶುರುವಾಯಿತೇ? ಆಜ್ಞೆ ಬಂದದ್ದು ನನಗೊಬ್ಬಳಿಗೇ ತಿಳಿಯಲಿಲ್ಲವೇ? ಓಣಿಯಲ್ಲಿ ನೋಡಿದರೆ ಮಕ್ಕಳು ಪಾಟಿಚೀಲ ಏರಿಸಿಕೊಂಡು ಓಡುತ್ತಿದ್ದಾರೆ. ಮುಂದೆ ಬಾಳ್ಯಾ, ಅವನ ಹಿಂದೆ ಕುಡಚಿಯ ಸಂತೆಯಲ್ಲಿ ಬಳೆ ಮಾರುವವರ ಮಗಳು ರೇಷ್ಮಾ, ಅವಳ ಹಿಂದೆ ಉಳಿದ ಸೈನ್ಯ. ನಾನೂ ಸೀರೆ ಎತ್ತಿ ಹಿಂದೆ ಓಡಿದೆ. ಮಕ್ಕಳು ಶಾಲೆಯ ಕಡೆ ತಿರುಗಲೇ ಇಲ್ಲ! ಹಳ್ಳ ದಾಟಿ ನೇರ ಮಾಮಾನ ಎಮ್ಮೆಗಳ ಶೆಡ್ಡಿಗೆ ಹೋದರು. ನಾನು ಹಳ್ಳದ ಈಚೆ, ಬಿರುಬಿಸಿಲಿನಲ್ಲಿ, ಬ್ಯಾಗು ಹಿಡಿದುಕೊಂಡು ನಿಂತೆ.

ಆಮೇಲೆ ತಿಳಿದ ಕಥೆ ಇದು. ಮಾಮಾನ ಎಮ್ಮೆಗಳಿಗೆ ಹುಟ್ಟಿದಾಗಿನಿಂದ ಶಾಲೆಯ ಗಂಟೆಯ ರೂಢಿಯಂತೆ. ಗಂಟೆಯಾದರೆ ಎದ್ದು ಮೇಯಲು ಹೊರಡುವುದು, ಸಂಜೆ ಬಿಡುವ ಗಂಟೆಗೆ ತಿರುಗಿ ಬರುವುದು. ಶಾಲೆ ಮುಚ್ಚಿ ಗಂಟೆ ನಿಂತ ಮೇಲೆ ಎಮ್ಮೆಗಳು ಏಳುವುದನ್ನೇ ಬಿಟ್ಟವಂತೆ! ಅದಕ್ಕೆ ಮಾಮಾ ಟ್ರ್ಯಾಕ್ಟರಿನ ಹಳೆಯ ಡಿಸ್ಕೊಂದನ್ನು ಬೇವಿನ ಮರಕ್ಕೆ ತೂಗುಹಾಕಿ, ಕಬ್ಬಿಣದ ಸಲಾಕೆಯಿಂದ ಬಾರಿಸಿದನಂತೆ. ಎಮ್ಮೆಗಳು ಎದ್ದು ಹೊರಗೆ ಹೋದವು. ಮಕ್ಕಳು ಎದ್ದು ಒಳಗೆ ಬಂದವು! ಬಂದ ಮಕ್ಕಳನ್ನು ಏನು ಮಾಡುವುದು? ಗೂಟಗಳು ಖಾಲಿ ಇದ್ದವು, ಕೂರಿಸಿದ.

ಕಥೆ ಹೇಳಿದವಳು ಮಾಮಿ. ನಮ್ಮ ಅಂಗಳದಲ್ಲಿ ಎಮ್ಮೆ ಹೊಡೆಯುವ ಕೋಲನ್ನು ನೆಲಕ್ಕೆ ಕುಟ್ಟುತ್ತ ಹೇಳಿದಳು: "ಕಾಯ್ ಮಾಣೂಸ್ ಆಹೆ ಬಾಯಿ! ಎಂಥಾ ಮನಶ್ಯಾನಬೇ ಇಂವ! ತಾ ಮಾಸ್ತರ ಆಗ್ಯಾನ, ನನ್ನ ಎಮ್ಮಿ ಕಾಯಾಕ ಹಚ್ಯಾನ!"

"ಅಂವಗ ಏನ ಬರತೈತಿ ಮಾಮಿ ಕಲಸಾಕ?"

"ಯಾರಿಗ್ಗೊತ್ತಬೇ! ನಾ ಎಮ್ಮಿ ಹಿಂದ ಹೋಗಿರತೇನಿ. ಹುಡುಗೂರು ಮಾತ್ರ ಬಾಯಿ ಬಿಟ್ಕೊಂಡ ಕುಂತಿರತಾವ. ಮತ್ತೊಂದ ಕೇಳ. ರಾಯಬಾಗದಿಂದ ಹೊಸಾ ಖುರ್ಚಿ ತಂದಾನ, ಕೈ ಇರೂದು, ಪ್ಲಾಸ್ಟಿಕ್ಕಿಂದು. ನಾ ಒಮ್ಮಿ ಕುಂದರಾಕ ಹ್ವಾದ್ರ ಎಬಿಸ್ಯಾನಬೇ! ದಿನಾ ಮುಂಜಾನೆ ಧೋತರದ ಚುಂಗಿಲೆ ಒರಸ್ತಾನ."

ಖುರ್ಚಿ! ನನಗೆ ಮೈಯೆಲ್ಲ ಉರಿಯಿತು. ಮಾಸ್ತರಿಕೆ ತಲೆಗೇರಿತು ಅಂದರೆ ಇದೇ. ನಾನು ಇಷ್ಟು ವರ್ಷ ಕಲಿಸಿದ್ದೇನೆ, ಶಾಲೆಯಲ್ಲಿ ನನ್ನ ಖುರ್ಚಿಗೆ ಮೂರೇ ಕಾಲು. ನಾಲ್ಕನೆಯದರ ಕೆಳಗೆ ಇಟ್ಟಿಗೆ. ಇವನಿಗೆ ಮೊದಲನೆಯ ದಿನವೇ ಕೈ ಇರುವ ಖುರ್ಚಿ!

ಅಷ್ಟಕ್ಕೇ ಮುಗಿಯಲಿಲ್ಲ. ಅವನ ಗಂಟೆ ಎರಡು ಸಲ ಆಗುತ್ತಿತ್ತು. ಮೊದಲ ಗಂಟೆಗೆ ಮಕ್ಕಳೆಲ್ಲ ಓಡುತ್ತಿದ್ದರು. ಎಲ್ಲರೂ ಹೋಗಿ, ಓಣಿ ಖಾಲಿಯಾಗಿ, ಒಂದು ಕೋಳಿಯೂ ಓಡಾಡದಂತಾದ ಮೇಲೆ ಮತ್ತೊಮ್ಮೆ ಉದ್ದಕ್ಕೆ ಬಾರಿಸುತ್ತಿದ್ದ. ಯಾರಿಗಾಗಿ? ಬರುವವರೆಲ್ಲ ಬಂದಾಗಿದೆಯಲ್ಲ! ನನ್ನ ಹೊಟ್ಟೆ ಉರಿಸಲು, ಇನ್ನೇತಕ್ಕೆ? ನಾನು ಹೊಸ್ತಿಲಿಂದ ಒಳಗೆ ಬಂದು ಬಾಗಿಲು ದಬಕ್ಕನೆ ಹಾಕಿಕೊಳ್ಳುತ್ತಿದ್ದೆ.

"ಹೊಟ್ಟಿ ಉರಿಯಾಕತ್ತೇತೇನ? ಮಜ್ಜಿಗಿ ಕುಡಿ," ಎಂದರು ಮನೆಯವರು.

ಇದನ್ನು ಹೀಗೆ ಬಿಡಬಾರದೆಂದು ಹೆಡ್‌ಮಾಸ್ತರರಿಗೆ ಫೋನು ಮಾಡಿ, ಮಕ್ಕಳನ್ನು ಗುಂಪು ಕೂಡಿಸಬಾರದೆಂಬ ನಿಯಮ ನೆನಪಿಸಿದೆ. ಅವರು ಮೋಟರ್‌ಸೈಕಲ್ ಮೇಲೆ, ಮೂಗಿಗೆ ಎರಡೆರಡು ಮಾಸ್ಕು ಕಟ್ಟಿಕೊಂಡು ಬಂದು ದಾರಿಯ ಮೇಲಿಂದಲೇ ಶೆಡ್ಡಿನ ಕಡೆ ಇಣುಕಿದರು. ಆಮೇಲೆ ನಮ್ಮ ಮನೆಗೆ ಬಂದು ಕಟ್ಟೆಯ ಆ ತುದಿಯಲ್ಲಿ ನಿಂತು ಹೇಳಿದರು: "ಅಕ್ಕೋರ, ಇಷ್ಟು ಶಿಸ್ತು ನಾ ನಮ್ಮ ಸಾಲ್ಯಾಗ ಎಂದೂ ನೋಡಿಲ್ರಿ! ಗೂಟಕ್ಕೊಂದ ಹುಡುಗ. ನಡುವ ಇಷ್ಟಿಷ್ಟ ದೂರ. ಯಾರ ಅಳದಾರ್ರಿ ಅದನ್ನ?"

ಅಳೆದವನು ನಮ್ಮಜ್ಜ, ಮಾಮಾನ ಅಪ್ಪ. ಒಂದೆಮ್ಮೆಯ ಕೋಡು ಇನ್ನೊಂದಕ್ಕೆ ತಾಗಬಾರದೆಂದು, ಊರು ಎಮ್ಮೆಗಳಿಂದ ತುಂಬಿದ್ದ ಕಾಲದಲ್ಲಿ ಬಡಿದ ಗೂಟಗಳು ಅವು. ಈಗ ಎಮ್ಮೆ ಐದಾರು, ಗೂಟ ಅದರ ಮೂರು ಪಟ್ಟು. ಸರಕಾರ ಎಷ್ಟೋ ತಲೆ ಕೆಡಿಸಿಕೊಂಡು ಹೇಳಿದ ಅಂತರವನ್ನು ನಮ್ಮಜ್ಜ ಎಮ್ಮೆಗಳ ಸಲುವಾಗಿ ಯಾವತ್ತೋ ಪಾಲಿಸಿಬಿಟ್ಟಿದ್ದ! ನಿಯಮವೂ ಮಾಮಾನ ಪಕ್ಷಕ್ಕೇ ಸೇರಿತು.

ಇನ್ನು ತಾಯಂದಿರು. ಅಭ್ಯಾಸದ ಹಾಳೆ ಹಂಚಲು ಮನೆಮನೆಗೆ ಹೋದರೆ ಒಂದು ಮಗುವೂ ಮನೆಯಲ್ಲಿಲ್ಲ. "ಹುಡುಗೂರು ಮಾಮಾನ ಸಾಲಿಗೆ ಹೋಗ್ಯಾರ್ರಿ ಅಕ್ಕೋರ. ಅಲ್ಲಿ ಭಾಳ ಚಲೋ ಕಲಸ್ತಾರಂತ್ರಿ!" ಎಂದು ನನ್ನೆದುರಿಗೇ, ನನಗೇ ಚಹಾ ಕೊಟ್ಟು ಹೇಳುತ್ತಿದ್ದರು.

ನಾನೂ ಸುಮ್ಮನೆ ಕೂರುವವಳಲ್ಲ. ಶೇಂಗಾ ಉಂಡೆ ಕಟ್ಟಿದೆ! ಬುಟ್ಟಿ ತುಂಬ ಉಂಡೆ ಕಟ್ಟಿ, ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಬುಟ್ಟಿಯನ್ನೂ ಪಕ್ಕದಲ್ಲಿ ಕನ್ನಡ ಪುಸ್ತಕವನ್ನೂ ಇಟ್ಟುಕೊಂಡು ಕೂತೆ. ಬಂದರು. ಯಾಕೆ ಬರುವುದಿಲ್ಲ? ಕಟ್ಟೆ ತುಂಬಿತು. "ಬರ್ರಿ ಮಕ್ಕಳ, ಕುಂದರ್ರಿ, ದೂರ ದೂರ ಕುಂದರ್ರಿ" ಎಂದೆ. ಉಂಡೆ ಹಂಚಿ, ಪುಸ್ತಕ ತೆರೆದು, "ಮೊದಲನೆಯ ಪಾಠ" ಎಂದೆ ನೋಡಿ, ಹಳ್ಳದಾಚೆಯಿಂದ ಠಣ್! ಕಟ್ಟೆ ಖಾಲಿ. ಕಾಗೆಗಳೂ ಅಷ್ಟು ಬೇಗ ಹಾರುವುದಿಲ್ಲ. ಬಾಳ್ಯಾ ಒಬ್ಬ ಅರ್ಧ ದಾರಿಯಿಂದ ತಿರುಗಿ ಬಂದ. ನನ್ನ ಕಣ್ಣು ತುಂಬಿತು. ನನ್ನ ಪಾಠ ಕೇಳುವ ಒಬ್ಬನೇ ಶಿಷ್ಯ!

"ಅಕ್ಕೋರ, ಮಾಮಾಗೂ ಒಂದ ಉಂಡಿ ಕೊಡ್ರಿ."

ಕೊಟ್ಟೆ! ಏನು ಮಾಡಲಿ, ಕೊಟ್ಟೆ. ಸಂಜೆ ಶಾಲೆ ಬಿಟ್ಟ ಮೇಲೆ ಮಾಮಾ ಎಮ್ಮೆಗಳನ್ನು ನೀರಿಗೆ ಹೊಡೆದುಕೊಂಡು ನಮ್ಮ ಮನೆಯ ಮುಂದೆ ಹೋಗುತ್ತ ಚಂದ್ರಿಗೆ ಹೇಳಿದ: "ಬೆಲ್ಲ ಕಡಿಮಿ ಬಿದ್ದೈತವಾ ಉಂಡಿಗೆ."

ನಾನು ಬಾಗಿಲಿಗೆ ಬಂದು, "ನಿನ್ನ ಸಾಲ್ಯಾಗ ಏನ ಕಲಸ್ತಿ ಮಾಮಾ? ಹಿಂಡಿ ಕಲಸೂದೇನ?" ಎಂದು ಕುಟುಕಿದೆ.

ಅವನು ನನ್ನ ಕಡೆ ನೋಡಲಿಲ್ಲ. "ಸಾಲಿ ಬಾಗಲಾ ತೆರದ ಐತಿ ಚಂದ್ರಿ. ಕಣ್ಣಿದ್ದಾವರು ನೋಡತಾರ" ಎಂದು ಎಮ್ಮೆಯ ಬೆನ್ನು ತಟ್ಟಿ ಹೋದ. ನನಗೆ ಇನ್ನಷ್ಟು ಉರಿಯಿತು. ಕಣ್ಣಿಲ್ಲವೆಂದು ನನಗೆ ಹೇಳುತ್ತಾನೆಯೇ? ನಾನು ಆ ಕಡೆ ಕಾಲಿಡುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಆದರೆ ಹೊಟ್ಟೆಕಿಚ್ಚು ಎನ್ನುವುದು ನಿಜವಾಗಿ ಹೇಗಿರುತ್ತದೆ ಎನ್ನುವುದು ತಿಳಿದದ್ದು ಡೇರಿಯ ಮುಂದೆ. ಹಾಲಿಗೆ ನಿಂತಿದ್ದೆ. ರೇಷ್ಮಾ ತನ್ನ ಸಣ್ಣ ಕ್ಯಾನು ಹಿಡಿದು ಮುಂದೆ ನಿಂತಿದ್ದಳು. ಈ ಹುಡುಗಿ ಒಂದು ವರ್ಷ ನನ್ನ ಕೈಯಲ್ಲಿ ಒತ್ತಕ್ಷರದ ಹತ್ತಿರ ಬಂದು ಬಂದು, ಮುಳ್ಳು ಬೇಲಿ ಕಂಡ ಕರುವಿನ ಹಾಗೆ ನಿಂತುಬಿಡುತ್ತಿದ್ದವಳು. ನಾನು ಮುದ್ದಿಸಿದ್ದೆ, ಗದರಿಸಿದ್ದೆ, ಅವಳ ಕೈ ಹಿಡಿದು ಮರಳಲ್ಲಿ ತಿದ್ದಿಸಿದ್ದೆ. ಅವಳನ್ನು ಓದಿಸುವುದೊಂದೇ ಆ ವರ್ಷ ನನಗಿದ್ದ ಹಟ. ಆ ರೇಷ್ಮಾ ಗೋಡೆಗೆ ಆನಿಸಿಟ್ಟ ಹಿಂಡಿಯ ಚೀಲ ನೋಡುತ್ತ, ಯಾರೂ ಹೇಳದೆ ಕೇಳದೆ, "ಪೌ... ಷ್ಟಿ... ಕ. ಪೌಷ್ಟಿಕ ಪಶು ಆಹಾರ" ಎಂದು ಓದಿದಳು!

"ಯಾರ ಕಲಿಸಿದ್ರ ರೇಷ್ಮಾ?"

"ಮಾಮಾನ ಸಾಲ್ಯಾಗ್ರಿ ಅಕ್ಕೋರ!"

ಸಂತೋಷಪಡಬೇಕಿತ್ತು. ಅವಳನ್ನು ಎತ್ತಿ ಮುದ್ದಾಡಬೇಕಿತ್ತು. ನಾನು "ಹೌದಾ, ಶಾಣ್ಯಾಕಿ" ಎಂದು, ಹಾಲು ತೆಗೆದುಕೊಳ್ಳುವುದನ್ನೇ ಮರೆತು ಖಾಲಿ ಪಾತ್ರೆ ಹಿಡಿದು ಮನೆಗೆ ಬಂದೆ. ಮನೆಯವರು ಪಾತ್ರೆ ನೋಡಿದರು, ನನ್ನ ಮುಖ ನೋಡಿದರು, ಪಾತ್ರೆ ತೆಗೆದುಕೊಂಡು ತಾವೇ ಡೇರಿಗೆ ಹೋದರು.

ಅದೇ ಸಂಜೆ ಎಮ್ಮೆಗಳು ನೀರು ಕುಡಿದು ತಿರುಗಿ ಬರುವಾಗ ಚಂದ್ರಿಯ ಬೆನ್ನ ಮೇಲೆ ಬಾಳ್ಯಾ ಕೂತಿದ್ದ. ಮಾಮಾ ಒಂದು ಕೈಯಿಂದ ಅವನ ಬೆನ್ನು ಹಿಡಿದು ನಡೆಯುತ್ತಿದ್ದ. ನಾನು ಸಣ್ಣವಳಿದ್ದಾಗ ಚಂದ್ರಿಯ ಅಜ್ಜಿಯೋ ಮುತ್ತಜ್ಜಿಯೋ, ಅವಳ ಬೆನ್ನ ಮೇಲೆ ಮಾಮಾ ನನ್ನನ್ನು ಶಾಲೆಯ ಬಾಗಿಲಿಗೆ ಬಿಡುತ್ತಿದ್ದ. ಅಳುತ್ತಿದ್ದೆ. "ಅಳಬ್ಯಾಡ" ಎಂದು ನನಗೆ ಹೇಳುತ್ತಿರಲಿಲ್ಲ, ಎಮ್ಮೆಗೆ ಹೇಳುತ್ತಿದ್ದ: "ನೀ ಅಳಬ್ಯಾಡವಾ, ಸಂಜಿಗೆ ಬರತಾಳ." ಹೀಗೇ ಬೆನ್ನಿಗೆ ಕೈ. ಅದು ನನ್ನ ಜಾಗ! ಬಾಳ್ಯಾನ ಅಪ್ಪನದಲ್ಲ, ಬಾಳ್ಯಾನದೂ ಅಲ್ಲ!

ಅಲ್ಲಿ ನಿಂತು ನನಗೇ ಗೊಂದಲವಾಯಿತು. ಇಷ್ಟು ದಿನ ನಾನು ಉರಿದದ್ದು ನನ್ನ ಮಕ್ಕಳನ್ನು ಕಸಿದ ಮಾಮಾನ ಮೇಲೋ, ನನ್ನ ಮಾಮಾನನ್ನು ಕಸಿದ ಮಕ್ಕಳ ಮೇಲೋ? ಎರಡೂ ಕಡೆ ಉರಿದರೆ ಮನುಷ್ಯರು ಏನಾಗಬೇಕು? ರೊಟ್ಟಿಯಾಗಬೇಕು!

ಮರುದಿನ ನಿರ್ಧರಿಸಿದೆ, ಇವತ್ತು ಹೋಗಿ ಆ ಶಾಲೆ ಮುಚ್ಚಿಸುವುದೇ ಸೈ. ಮೊದಲ ಗಂಟೆ ಆಯಿತು, ಮಕ್ಕಳು ಓಡಿದರು. ಎರಡನೆಯ ಗಂಟೆಯೂ ಆಯಿತು. ಅವನ ಪಾಠದ ನಡುವೆಯೇ ಹೋಗಿ ನಿಲ್ಲಬೇಕೆಂದು ಬೇಕೆಂದೇ ಸ್ವಲ್ಪ ಹೊತ್ತು ಬಿಟ್ಟು, ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಹಳ್ಳ ದಾಟಿದೆ. ಶೆಡ್ಡಿನ ಬೇಲಿಯ ಹತ್ತಿರ ಹೋದರೆ, ಒಳಗಿಂದ ಹೆಂಗಸಿನ ಧ್ವನಿ!

ಹೆಂಗಸು ಪಾಠ ಮಾಡುತ್ತಿದ್ದಾಳೆ. ಗುಂಯ್‌ಗುಟ್ಟುವ, ಬಾವಿಯೊಳಗಿಂದ ಬಂದಂಥ, ಬಹಳ ಜಂಬದ ಧ್ವನಿ. "ಗಮನವಿಟ್ಟು ಕೇಳಿರಿ. ಅವಸರ ಬೇಡ." ಅಯ್ಯೋ ಇವನ! ಕದ್ದದ್ದು ಸಾಲದೆಂದು ಇನ್ನೊಬ್ಬ ಅಕ್ಕೋರನ್ನು ತಂದಿಟ್ಟಿದ್ದಾನೆ! ಯಾವಳಿವಳು? ಅಥಣಿಯವಳೋ, ಕಾಗವಾಡದವಳೋ? ಅಲ್ಲಿಂದ ಇಲ್ಲಿಗೆ ಬಂದು ನನ್ನ ಮಕ್ಕಳಿಗೆ ಕಲಿಸಲು ಎಷ್ಟು ಧೈರ್ಯ! ಕೈ ಇರುವ ಖುರ್ಚಿ ಇವಳಿಗೇ ತಂದದ್ದು ಹಾಗಾದರೆ! ಮೊಣಕೈತನಕ ಬಳೆ ಏರಿಸಿ, ಅವಳ ಮುಖ ನೋಡಿಯೇ ಬಿಡೋಣವೆಂದು ಬೇಲಿಯ ಸಂದಿಗೆ ಕಣ್ಣು ಹಚ್ಚಿದೆ.

ಅಷ್ಟರಲ್ಲಿ ಕುಕ್ಕರಿನ ಸೀಟಿ ಕೇಳಿಸಿತು.

ಎಮ್ಮೆಯ ಶೆಡ್ಡಿನಲ್ಲಿ ಕುಕ್ಕರು? ಸೀಟಿ ಕೂಗಿದ್ದೇ ತಡ, ಬಾಳ್ಯಾ ಎದ್ದು ನಿಂತು, "ಅಕ್ಕೋರ ಬ್ಯಾಳಿ ಬೆಂದೂ!" ಎಂದು ಕೂಗಿದ. ಮಕ್ಕಳೆಲ್ಲ ಘೊಳ್ಳೆಂದು ನಕ್ಕರು.

ನನ್ನ ಧ್ವನಿ ನನಗೆ ಗುರುತು ಸಿಗಲಿಲ್ಲ. ಆದರೆ ನನ್ನ ಕುಕ್ಕರಿನ ಸೀಟಿ, ಕೊನೆಯಲ್ಲಿ ಒಂದು ಕೆಮ್ಮಿನೊಂದಿಗೆ ನಿಲ್ಲುವ ಆ ಸೀಟಿ, ಸಾವಿರ ಕುಕ್ಕರುಗಳಲ್ಲಿ ನಾನು ಗುರುತಿಸಬಲ್ಲೆ!

ಬೇವಿನ ಮರದ ಕೆಳಗೆ ಆ ಖುರ್ಚಿ ಇತ್ತು. ಕೈ ಇರುವುದು, ಕನ್ನಡಿಯ ಹಾಗೆ ಒರೆಸಿದ್ದು. ಅದರ ಮೇಲೆ ಯಾರೂ ಕೂತಿರಲಿಲ್ಲ. ಹಾಲು ಹಿಂಡುವ ಸ್ಟೀಲಿನ ಬಕೆಟ್ಟು ಇತ್ತು. ಬಕೆಟ್ಟಿನೊಳಗೆ, ಸದ್ದು ದೊಡ್ಡದಾಗಲೆಂದು ಇಟ್ಟ ಮೊಬೈಲು. ಹಾಲು ತೆಗೆದುಕೊಳ್ಳಲು ಬಂದ ಬಾಳ್ಯಾನ ಅಪ್ಪ, ಸಂಜೆಯತನಕ ಮೊಬೈಲು ಇಲ್ಲಿ ಬಿಟ್ಟುಹೋಗುತ್ತಿದ್ದನಂತೆ. ಖುರ್ಚಿಯ ಎದುರಿಗೆ ಗೂಟಕ್ಕೊಂದು ಮಗು. ಕೊನೆಯ ಗೂಟಕ್ಕೆ, ಚಂದ್ರಿಯ ಗೂಟಕ್ಕೆ, ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಪಾಟಿ-ಬಳಪ ಇಟ್ಟುಕೊಂಡು ನಮ್ಮ ಮಾಮಾ!

ಬಕೆಟ್ಟು ಹೇಳಿತು: "ಒತ್ತಕ್ಷರ ಬಂದಲ್ಲಿ ಹೆದರಬಾರದು. ಮೊದಲು ಮೇಲಿನ ಅಕ್ಷರ ನೋಡಿ."

ರೇಷ್ಮಾ ಕೈ ಎತ್ತಿದಳು. "ಮಾಮಾ, ತಿಳೀಲಿಲ್ಲ. ಇನ್ನೊಮ್ಮಿ ಹಚ್ರಿ."

ಮಾಮಾ ಎದ್ದು, ಬಕೆಟ್ಟಿಗೆ ಬಗ್ಗಿ, ಮೊಬೈಲನ್ನು ಎಷ್ಟೋ ಸಲ ಮಾಡಿ ರೂಢಿಯಾದ ಬೆರಳಿನಿಂದ ಒತ್ತಿ ಹಿಂದಕ್ಕೆ ಓಡಿಸಿದ. ಮತ್ತೆ ಅದೇ ಮಾತು. ಮತ್ತೆ ರೇಷ್ಮಾ ಕೈ ಎತ್ತಿದಳು, ಮತ್ತೆ ಅವನು ಎದ್ದ. ತರಗತಿಯಲ್ಲಿ ನಾನು ಒಂದು ಮಾತನ್ನು ಮೂರನೆಯ ಸಲ ಹೇಳುವಷ್ಟರಲ್ಲಿ ಧ್ವನಿ ಏರಿಸಿರುತ್ತಿದ್ದೆ. ಬಕೆಟ್ಟಿನೊಳಗಿನ ನಾನು ಎಷ್ಟು ಸಲ ಹೇಳಿದರೂ ಸಿಟ್ಟಾಗುತ್ತಿರಲಿಲ್ಲ!

ಅಂದರೆ ಇಷ್ಟು ದಿನ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಹೇಳಿ? ಮಾಮಾನ ಶಾಲೆಯಲ್ಲಿ ಬಹಳ ಚೆನ್ನಾಗಿ ಕಲಿಸುವವಳು ನಾನೇ! ಯಾರೂ ನನ್ನಿಂದ ಮುಚ್ಚಿಟ್ಟಿರಲಿಲ್ಲ. ಒಂದು ಸಲ ಹಳ್ಳ ದಾಟಿ ಬಂದಿದ್ದರೆ ಆಗುತ್ತಿತ್ತು.

ನಾನು ಹೇಗೆ ಒಳಗೆ ಹೋದೆನೋ. ಬಾಳ್ಯಾ ಒಮ್ಮೆ ಬಕೆಟ್ಟನ್ನೂ ಒಮ್ಮೆ ನನ್ನನ್ನೂ ನೋಡಿದ, ಯಾರಿಗೆ ನಮಸ್ಕಾರ ಮಾಡಬೇಕೆಂದು ತಿಳಿಯದೆ. ಮಾಮಾ ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕಟ್ಟಿದ್ದ ಕರುವಿನ ಕಿವಿ ತುರಿಸುತ್ತ ಹೇಳಿದ:

"ದಿನಾ ಖುರ್ಚಿ ಒರಸಿ ಒರಸಿ ನನ್ನ ಧೋತರದ ಚುಂಗ ಹರೀತು ನೋಡ ಕರಾ. ಕುಂದರೋರ ಮಾತ್ರ ಬರವಲ್ರು."

ನಾನು ಬಕೆಟ್ಟನ್ನು ಎತ್ತಿ ಕೆಳಗಿಟ್ಟೆ. ಕೂತೆ. ಬಕೆಟ್ಟಿನೊಳಗೆ ನಾನು ಇನ್ನೂ ಮಾತಾಡುತ್ತಲೇ ಇದ್ದೆ. ರೇಷ್ಮಾ ಓಡಿಬಂದು ಬಂದ್ ಮಾಡಿದಳು. ಆಮೇಲೆ ಎಲ್ಲ ಗೂಟಗಳಿಂದಲೂ ಒಟ್ಟಿಗೆ, "ನಮಸ್ಕಾರ್ರೀ ಅಕ್ಕೋರಾ..." ಎಂಬ ಆ ರಾಗ. ಎಷ್ಟು ತಿಂಗಳಾಗಿತ್ತು ಅದನ್ನು ಕೇಳಿ! ಮಾಮಾನೂ ಹೇಳಿದ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಅಂದು ಬಿಡುವ ಗಂಟೆಗೆ ಎಮ್ಮೆ ಹೊಡೆದುಕೊಂಡು ಬಂದ ಮಾಮಿ ಖುರ್ಚಿಯಲ್ಲಿ ನನ್ನನ್ನು ನೋಡಿ ಸೊಂಟಕ್ಕೆ ಕೈ ಇಟ್ಟಳು. "ಬಂದೇನಬೇ! ಅಂತೂ ಬಂದಿ!"

"ಮಾಮಿ, ಎಮ್ಮಿಗೋಳು ಗಂಟಿ ಆಗದನ ಏಳೂದ ಇಲ್ಲೇನ ಖರೇನ?" ಎಂದೆ.

"ಯಾವ ಹುಚ್ಚಿ ಹೇಳಿದ್ಳ ನಿನಗ?"

"ನೀನ ಹೇಳಿದ್ಯಲಾ!"

"ಅಂವ ಹೇಳಂದ, ಹೇಳೇನಿ. ಎಮ್ಮಿಗೆ ಎಂಥಾ ಗಂಟಿಬೇ? ಹಸಿವಾದ್ರ ಏಳತಾವ." ಅವಳು ಧ್ವನಿ ಇಳಿಸಿದಳು. "ಸಾಲಿ ಮುಚ್ಚಿದಾಗಿಂದ ನೀ ದಿನಾ ಬ್ಯಾಗ್ ಹಾಕ್ಕೊಂಡ ಹೊಸ್ತಿಲದಾಗ ನಿಂದರತಿದ್ದಿ ನೋಡ. ಎಮ್ಮಿ ಹೊಡ್ಕೊಂಡ ಹೋಗುಮುಂದ ನೋಡತಿದ್ದ ಅಂವ. ಮನಿಗೆ ಬಂದ ರೊಟ್ಟಿ ಮುಟ್ಟತಿರಲಿಲ್ಲ. ಆಮ್ಯಾಲ ಒಂದಿನ ಎದ್ದ ಆ ಡಿಸ್ಕ ಹುಡಕಾಕ ಹತ್ತಿದ."

ಮಾಮಾ ದೂರದಲ್ಲಿ ಎಮ್ಮೆ ಕಟ್ಟುತ್ತಿದ್ದ. ಅವನಿಗೆ ಕೇಳಿಸಿರಬೇಕು. ಚಂದ್ರಿಗೆ ಏನೋ ಗದರಿದ. ಅವಳೇನೂ ಮಾಡಿರಲಿಲ್ಲ.

ರಾತ್ರಿ ಉಂಡೆ ಕಟ್ಟಿದೆ, ಕೈ ತುಂಬ ಬೆಲ್ಲ ಹಾಕಿ. ಮರುದಿನ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಮೊದಲ ಗಂಟೆ ಆದೊಡನೆ ಬುಟ್ಟಿ ತಲೆಗೇರಿಸಿ, ಬ್ಯಾಗು ಹೆಗಲಿಗೆ ಹಾಕಿ ಮಕ್ಕಳ ಜೊತೆಗೇ ಹಳ್ಳ ದಾಟಿದೆ. ಮಾಮಾ ಸಲಾಕೆ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದ. ಒಬ್ಬೊಬ್ಬ ಮಗುವೂ ತನ್ನ ತನ್ನ ಗೂಟಕ್ಕೆ ಹೋಗಿ ಕೂತಿತು. ನಾನು ಖುರ್ಚಿಯಲ್ಲಿ ಕೂತೆ. ಅವನು ಒಮ್ಮೆ ಓಣಿಯ ಕಡೆ ನೋಡಿದ, ಒಮ್ಮೆ ಖುರ್ಚಿಯ ಕಡೆ ನೋಡಿದ. ಆಮೇಲೆ ಸಲಾಕೆಯನ್ನು ಮರಕ್ಕೆ ಆನಿಸಿ, ಪಾಟಿ ತೆಗೆದುಕೊಂಡು ಕೊನೆಯ ಗೂಟಕ್ಕೆ ಹೋಗಿ ಕೂತ.

ಎರಡನೆಯ ಗಂಟೆ ಆಗಲಿಲ್ಲ.